ತೋಳಿನ ಉದ್ದ ಅಳೆದವರಿಗೆ ಸುಳ್ಳು ಸಾಕ್ಷ್ಯ ಕಾಣಿಸಲಿಲ್ಲವೇ?

2019ರ ಜೂನ್ 30ರಂದು ಕಾಶ್ಮೀರದ ಯುವನಟಿ ಝೈರಾ ವಸೀಮ್ ಚಿತ್ರರಂಗಕ್ಕೆ ವಿದಾಯ ಹೇಳಿದರು. ಈ ಕ್ಷೇತ್ರ ತನಗೆ ಪ್ರೀತಿಯನ್ನೂ ಪ್ರಶಂಸೆಯನ್ನೂ ಕೊಟ್ಟಿದೆ, ಆದರೆ ತನ್ನ ಮತ್ತು ತನ್ನ ಧರ್ಮದ ನಡುವಣ ಸಂಬಂಧವನ್ನು ಅದು ಸವೆಸುತ್ತಿದೆ ಎಂಬುದು ಆಕೆಯ ದೀರ್ಘ ಹೇಳಿಕೆಯ ತಿರುಳಾಗಿತ್ತು. ಹದಿನೆಂಟರ ಹುಡುಗಿಯ ಆ ಹೇಳಿಕೆ ಹೊರಬಿದ್ದದ್ದೇ ತಡ, ಜನ ಎರಡು ಪಾಳಯಗಳಾಗಿ ನಿಂತರು. ಒಂದು ಕಡೆ ಮುಬಾರಕ್‌ಗಳ ಸುರಿಮಳೆ. ಇನ್ನೊಂದು ಕಡೆ, ಪ್ರತಿಭೆಯೊಂದು ಮತಾಂಧತೆಗೆ ಬಲಿಯಾಯಿತೆಂಬ ಶೋಕಾಚರಣೆ. ಶೋಕಿಸಿದವರ ವಿಷಯ ಆಮೇಲೆ ಬರಲಿ. ಮುಬಾರಕ್ ಹೇಳಿದವರು ನಮ್ಮವರು. ಆದ್ದರಿಂದ ಲೆಕ್ಕ ಕೇಳುವುದನ್ನು ಅಲ್ಲಿಂದಲೇ ಆರಂಭಿಸಬೇಕು.

ಇದೇ ಹುಡುಗಿಯನ್ನು ಎರಡೂವರೆ ವರ್ಷಗಳ ಹಿಂದೆ ನಾವು ಹೇಗೆ ನಡೆಸಿಕೊಂಡೆವು? 2016ರ ಡಿಸೆಂಬರ್‌ನಲ್ಲಿ ‘ದಂಗಲ್’ ತೆರೆಗೆ ಬಂತು. ಹರಿಯಾಣದ ಕುಸ್ತಿಪಟು ಗೀತಾ ಫೋಗಟ್‌ಳ ಬಾಲ್ಯವನ್ನು ಝೈರಾ ಅಭಿನಯಿಸಿದ್ದರು. ತಲೆಗೂದಲು ಕತ್ತರಿಸಿಕೊಂಡದ್ದು, ಚಡ್ಡಿ ತೊಟ್ಟು ಅಖಾಡಕ್ಕಿಳಿದದ್ದು ಅನೇಕರ ಕಣ್ಣು ಕುಕ್ಕಿತು. 2017ರ ಜನವರಿಯಲ್ಲಿ ಆಕೆ ಜಮ್ಮು-ಕಾಶ್ಮೀರದ ಅಂದಿನ ಮುಖ್ಯಮಂತ್ರಿ ಮೆಹಬೂಬಾ ಮುಫ್ತಿಯವರನ್ನು ಭೇಟಿಯಾದ ಚಿತ್ರ ಪ್ರಕಟವಾದಾಗ ಬೈಗುಳದ ಕಟ್ಟೆಯೊಡೆಯಿತು. ಕಣಿವೆಯ ರಾಜಕೀಯ ಆಕ್ರೋಶ ಅದರಲ್ಲಿ ಬೆರೆತಿತ್ತು ಎಂಬುದು ನಿಜ. ಆದರೆ ಧರ್ಮದ ಹೆಸರು ಹಿಡಿದು ಬೈದವರೇನೂ ಕಡಿಮೆಯಿರಲಿಲ್ಲ. ಕೊನೆಗೆ ಆ ಹದಿನಾರರ ಮಗು ಸಾರ್ವಜನಿಕವಾಗಿ ಕ್ಷಮೆ ಕೇಳಿತು. ತನ್ನನ್ನು ಯಾರೂ ಮಾದರಿಯೆಂದು ಭಾವಿಸಬೇಡಿ ಎಂದು ಬೇಡಿಕೊಂಡಿತು. ಆಗ ಆ ಮಗುವಿನ ತಲೆ ನೇವರಿಸಲು ಮುಂದೆ ಬಂದ ಧರ್ಮನಿಷ್ಠರೆಷ್ಟು? ಪ್ರವಾದಿ ಮುಹಮ್ಮದ್(ಸ)ರ ಕರುಣೆಯ ಕುರಿತು ವರ್ಷವಿಡೀ ಭಾಷಣ ಮಾಡುವ ಸಮುದಾಯಕ್ಕೆ ಅಂದು ನಾಲಿಗೆ ಬಿದ್ದುಹೋಗಿತ್ತೇ?

ನಾವು ಚಿತ್ರರಂಗದ ವಕಾಲತ್ತು ವಹಿಸುತ್ತಿಲ್ಲ. ಧರ್ಮವನ್ನು ನಂಬಿದ ಕಲಾವಿದನ ಮುಂದೆ ನಿಜವಾದ ಇಕ್ಕಟ್ಟುಗಳಿವೆ. ಅವನ್ನು ನಿಜವಾದ ಜಾಗದಲ್ಲಿ ಗುರುತಿಸುವ ಬದಲು ಸಮುದಾಯ ಬೇರೆಲ್ಲೋ ತಡಕಾಡುತ್ತಿದೆ ಎಂಬುದಷ್ಟೇ ನಮ್ಮ ತಕರಾರು.

ಮದ್ರಸದಲ್ಲಿ ಓದಿದವರಿಗೆ ಗೊತ್ತು, ಅನ್ನಾಝಿಆತ್ ಅಧ್ಯಾಯದಲ್ಲಿ ಫಿರ್‌ಔನ್ ತಾನೇ ಪರಮೋಚ್ಚ ಪ್ರಭುವೆಂದು ಘೋಷಿಸುತ್ತಾನೆ. ಆ ಸೂಕ್ತವನ್ನು ಕುರ್‌ಆನ್ ಪಾರಾಯಣ ಮಾಡುವ ಪ್ರತಿಯೊಬ್ಬನೂ, ನಮಾಝಿನಲ್ಲಿ ನಿಂತ ಇಮಾಮರೂ ತಮ್ಮದೇ ನಾಲಿಗೆಯಿಂದ ಉಚ್ಚರಿಸುತ್ತಾರೆ. ಅವರು ದೇವತ್ವವನ್ನು ವಾದಿಸಿದರೆಂದು ಯಾರಾದರೂ ಹೇಳಿದ್ದುಂಟೇ? ಯೂಸುಫ್ ಅಧ್ಯಾಯದಲ್ಲಿ ಅಝೀಝನ ಪತ್ನಿಯ ಮೋಹ, ಮುಚ್ಚಿದ ಬಾಗಿಲು, ಹರಿದ ಅಂಗಿ ಎಲ್ಲವೂ ಬರುತ್ತದೆ. ಸತ್ಯನಿಷೇಧದ ಮಾತನ್ನು ವರದಿ ಮಾಡಿದವನು ಸತ್ಯನಿಷೇಧಿಯಾಗುವುದಿಲ್ಲವೆಂಬ ನಿಯಮವನ್ನು ಉಸ್ತಾದರು ನಮಗೆ ಬಾಲ್ಯದಲ್ಲೇ ಬಾಯಿಪಾಠ ಮಾಡಿಸಿದ್ದರು. ನಮ್ಮ ಕರಾವಳಿಯ ತಾಳಮದ್ದಳೆಯನ್ನೇ ನೋಡಿರಿ. ರಾವಣನ ಪಾತ್ರ ವಹಿಸಿದ ಅರ್ಥಧಾರಿ ಎದುರಾಳಿಯ ಬಾಯಿ ಕಟ್ಟುವಂತೆ ವಾದಿಸದಿದ್ದರೆ ಪ್ರೇಕ್ಷಕರೇ ಮುಖ ಸಿಂಡರಿಸುತ್ತಾರೆ. ಮಾತು ರಾವಣನದು, ಮನುಷ್ಯ ರಾವಣನಲ್ಲ ಎಂಬುದು ಅಲ್ಲಿ ಕುಳಿತ ಮಕ್ಕಳಿಗೂ ತಿಳಿದಿದೆ.

1976ರಲ್ಲಿ ಮುಸ್ತಫಾ ಅಕ್ಕಾದ್ ನಿರ್ಮಿಸಿ ನಿರ್ದೇಶಿಸಿದ ‘ದಿ ಮೆಸೇಜ್’ ಚಿತ್ರವನ್ನು ನಮ್ಮ ಮನೆಗಳಲ್ಲಿ ಎಷ್ಟು ಸಲ ನೋಡಿ ಕಣ್ಣೊರೆಸಿಕೊಂಡಿದ್ದೇವೆ! ಪ್ರವಾದಿಯವರ(ಸ) ಆಕೃತಿಯನ್ನಾಗಲಿ ಧ್ವನಿಯನ್ನಾಗಲಿ ತೋರಿಸದೆ ತೆಗೆದ ಚಿತ್ರವದು. ಅದರ ಅರಬಿ ಆವೃತ್ತಿಯಲ್ಲಿ ಹಂಝ(ರ)ರಾಗಿ ಈಜಿಪ್ಟಿನ ಅಬ್ದುಲ್ಲಾ ಗೈಸ್, ಹಿಂದ್‌ಳಾಗಿ ಸಿರಿಯಾದ ಮುನಾ ವಾಸಿಫ್ ಅಭಿನಯಿಸಿದರು. ಹಂಝರ ಹತ್ಯೆಗೆ ಸಂಚು ಹೂಡುವ ಹಿಂದ್‌ಳ ದ್ವೇಷವನ್ನು ಮುನಾ ವಾಸಿಫ್ ಎಷ್ಟು ತೀವ್ರವಾಗಿ ತೋರಿಸಿದರೋ ಹಂಝರ ಹುತಾತ್ಮತೆ ಅಷ್ಟು ಆಳವಾಗಿ ನಮ್ಮನ್ನು ತಟ್ಟಿತು. ಯಾರೋ ಒಬ್ಬರು ಹಿಂದ್ ಆಗಲೇಬೇಕಿತ್ತು. (ಇದೇ ಚಿತ್ರದ ಪ್ರದರ್ಶನ ನಿಲ್ಲಿಸಬೇಕೆಂದು 1977ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಬಂದೂಕು ಹಿಡಿದು ಜನರನ್ನು ಒತ್ತೆಯಲ್ಲಿರಿಸಿಕೊಂಡವರಿದ್ದರು. ಅಕ್ಕಾದ್ ಮತ್ತು ಅವರ ಮಗಳು 2005ರ ನವೆಂಬರ್‌ನಲ್ಲಿ ಅಮ್ಮಾನಿನ ಹೋಟೆಲ್ ಸ್ಫೋಟಗಳಿಗೆ ಬಲಿಯಾದರು. ಆ ಸ್ಫೋಟ ನಡೆಸಿದವರೂ ಇಸ್ಲಾಮಿನ ಹೆಸರನ್ನೇ ಹೇಳುತ್ತಿದ್ದರು.)

ಹಾಗಾದರೆ ಎಲ್ಲ ಪಾತ್ರಗಳೂ ಸಮ್ಮತವೇ? ಅಲ್ಲ. ಮಾತನ್ನು ವರದಿ ಮಾಡಬಹುದು, ದೇಹವನ್ನು ವರದಿ ಮಾಡಲಾಗದು. ತೆರೆಯ ಮೇಲೆ ಕೊಲೆಯಾದವನು ಚಿತ್ರೀಕರಣ ಮುಗಿದ ಮೇಲೆ ಎದ್ದು ಚಹಾ ಕುಡಿಯುತ್ತಾನೆ. ಆದರೆ ತೆರೆಯ ಮೇಲಿನ ಚುಂಬನ ನಿಜವಾಗಿಯೂ ಚುಂಬನವೇ. ಅದು ಇಬ್ಬರು ಅಪರಿಚಿತರ ನಡುವೆ ನಡೆದುಹೋದ ಕೃತ್ಯ. ಕಥೆಗಾಗಿ ಮಾಡಿದೆ ಎಂದ ಮಾತ್ರಕ್ಕೆ ನಡೆಯಲಿಲ್ಲವೆಂದಾಗದು. ಈ ವ್ಯತ್ಯಾಸವನ್ನು ಅಮೆರಿಕದ ಕ್ಯಾಥೊಲಿಕ್ ನಟ ನೀಲ್ ಮೆಕ್‌ಡೊನೊ ನಮ್ಮ ಅನೇಕ ವಿದ್ವಾಂಸರಿಗಿಂತ ಚೆನ್ನಾಗಿ ಅರಿತಿದ್ದರು. 2010ರಲ್ಲಿ ‘ಸ್ಕೌಂಡ್ರೆಲ್ಸ್’ ಎಂಬ ಧಾರಾವಾಹಿಯ ಶಯನಗೃಹದ ದೃಶ್ಯಗಳನ್ನು ನಿರಾಕರಿಸಿದ್ದಕ್ಕೆ ಅವರನ್ನು ಕೈಬಿಡಲಾಯಿತು. ಅನಂತರ ಕೆಲಸವಿಲ್ಲದೆ ಕಳೆದ ಕಷ್ಟದ ದಿನಗಳನ್ನು ಅವರೇ ಹೇಳಿಕೊಂಡಿದ್ದಾರೆ. ಅದೇ ಮನುಷ್ಯ 2012ರಲ್ಲಿ ‘ಜಸ್ಟಿಫೈಡ್’ ಧಾರಾವಾಹಿಯಲ್ಲಿ ಕ್ರೂರ ಪಾತಕಿಯಾಗಿ ಅಭಿನಯಿಸಿದರು. ಇದರಲ್ಲಿ ವೈರುಧ್ಯವಿದೆಯೇ? ನಮಗಂತೂ ಕಾಣಿಸದು. ಪಾತಕಿಯ ಪಾತ್ರ ವಹಿಸಿ ಅವರು ಯಾರನ್ನೂ ಕೊಲ್ಲಲಿಲ್ಲ.

ಅನ್ಯಧರ್ಮದ ಆರಾಧನೆಯ ದೃಶ್ಯಗಳ ವಿಷಯದಲ್ಲಿ ಉಲಮಾಗಳಿಗೆ ಆಕ್ಷೇಪವಿದೆ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ 1952ರ ‘ಬೈಜು ಬಾವ್ರಾ’ಕ್ಕಾಗಿ ಶಕೀಲ್ ಬದಾಯೂನಿ ಬರೆದು, ನೌಷಾದ್ ರಾಗ ಹಾಕಿ, ಮುಹಮ್ಮದ್ ರಫಿ ಹಾಡಿದ ಭಜನೆಯನ್ನು ಹೆಮ್ಮೆಯಿಂದ ಕೇಳುವವರು ನಟಿಯೊಬ್ಬಳು ಕಥೆಯಲ್ಲಿ ಕೈಮುಗಿದಾಗ ಮಾತ್ರ ತೌಹೀದ್ ನೆನಪಿಸಿಕೊಳ್ಳುವುದು ವಿಚಿತ್ರ.

ಇನ್ನು ನಮ್ಮ ಕಣ್ಣಿಗೆ ಬೀಳದೇ ಹೋದ ವಿಷಯಕ್ಕೆ ಬರೋಣ. ಹಜ್ಜ್ ಅಧ್ಯಾಯದ 30ನೇ ಸೂಕ್ತ ವಿಗ್ರಹಗಳ ಮಾಲಿನ್ಯದಿಂದ ದೂರವಿರಲು ಹೇಳಿ, ಅದೇ ಉಸಿರಿನಲ್ಲಿ ಸುಳ್ಳು ನುಡಿಯಿಂದಲೂ ದೂರವಿರಲು ಆಜ್ಞಾಪಿಸುತ್ತದೆ. ಎರಡೂ ಒಂದೇ ಸೂಕ್ತದಲ್ಲಿವೆ. ಮೊದಲರ್ಧ ಓದಿ ಕುರ್‌ಆನ್ ಮುಚ್ಚಿದವರಿಗೆ ಎರಡನೆಯರ್ಧ ತೋರಿಸುವವರಾರು? 2023ರಲ್ಲಿ ಬಂದ ‘ದಿ ಕೇರಳ ಸ್ಟೋರಿ’ಯ ಪ್ರಚಾರದಲ್ಲಿ 32,000 ಯುವತಿಯರ ಕಥೆ ಎಂಬ ಲೆಕ್ಕ ಹರಿಯಬಿಡಲಾಯಿತು. ಬಳಿಕ ಅದು ಮೂವರ ಕಥೆಯಾಯಿತು. ಕೊನೆಗೆ ಸುಪ್ರೀಂ ಕೋರ್ಟಿನ ಮುಂದೆ, ಆ ಸಂಖ್ಯೆಗೆ ಅಧಿಕೃತ ಆಧಾರವಿಲ್ಲ ಎಂಬ ಒಕ್ಕಣೆಯನ್ನು ಚಿತ್ರಕ್ಕೆ ಸೇರಿಸಲು ನಿರ್ಮಾಪಕರು ಒಪ್ಪಬೇಕಾಯಿತು. 2025ರಲ್ಲಿ ಅದೇ ಚಿತ್ರಕ್ಕೆ ಅತ್ಯುತ್ತಮ ನಿರ್ದೇಶನದ ರಾಷ್ಟ್ರಪ್ರಶಸ್ತಿಯೂ ಬಂತು, ಇರಲಿ.

ಈಗ ಹೀಗೊಂದು ಪಾತ್ರವನ್ನು ಕಲ್ಪಿಸಿಕೊಳ್ಳಿರಿ: ಗಡ್ಡ, ಟೋಪಿ, ಕಾಲು ಮುಟ್ಟುವ ಜುಬ್ಬ, ಬಾಯಿ ತೆರೆದರೆ ಸಲಾಮ್, ಮುಚ್ಚಿದರೆ ಪಿತೂರಿ. ಪರಸ್ತ್ರೀಯ ಸ್ಪರ್ಶವಿಲ್ಲ, ಮದ್ಯವಿಲ್ಲ, ಪೂಜೆಯಿಲ್ಲ. ಮುಸ್ಲಿಮ್ ನಟನೊಬ್ಬ ಇದನ್ನು ಒಪ್ಪಿಕೊಂಡರೆ ನಮ್ಮ ಸಮುದಾಯದ ಅಳತೆಪಟ್ಟಿಯಲ್ಲಿ ಅವನಿಗೆ ನೂರಕ್ಕೆ ನೂರು ಅಂಕ! ಅವನು ಒಂದು ಇಡೀ ಜನಸಮೂಹದ ವಿರುದ್ಧ ಸುಳ್ಳು ಸಾಕ್ಷ್ಯ ನುಡಿದು ಬಂದಿದ್ದಾನೆ, ಆ ಸಾಕ್ಷ್ಯದ ಫಲವನ್ನು ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಲ್ಲಿ ಯಾರೋ ಬಡಪಾಯಿ ಉಣ್ಣುತ್ತಾನೆ. ಜ್ಯಾಕ್ ಶಾಹೀನ್ 2001ರ ತಮ್ಮ ಗ್ರಂಥಕ್ಕಾಗಿ 900ಕ್ಕೂ ಮಿಕ್ಕಿದ ಹಾಲಿವುಡ್ ಚಿತ್ರಗಳಲ್ಲಿ ಅರಬರ ಚಿತ್ರಣವನ್ನು ಪರಿಶೀಲಿಸಿದ್ದರು. ಬ್ರಿಟಿಷ್ ನಟ ರಿಝ್ ಅಹ್ಮದ್ 2017ರಲ್ಲಿ ಅಲ್ಲಿನ ಸಂಸತ್ ಭವನದಲ್ಲಿ ಮಾಡಿದ ಭಾಷಣದ ಪ್ರೇರಣೆಯಿಂದ ಮರುವರ್ಷ ‘ರಿಝ್ ಟೆಸ್ಟ್’ ರೂಪುಗೊಂಡಿತು. ಮುಸ್ಲಿಮ್ ಪಾತ್ರವನ್ನು ಭಯೋತ್ಪಾದನೆಗೆ ಗಂಟುಹಾಕಲಾಗಿದೆಯೇ, ಪುರುಷನಾದರೆ ಸ್ತ್ರೀದ್ವೇಷಿಯಾಗಿ, ಸ್ತ್ರೀಯಾದರೆ ತುಳಿಯಲ್ಪಟ್ಟವಳಾಗಿ ತೋರಿಸಲಾಗಿದೆಯೇ ಎಂಬಂಥ ಐದು ಸರಳ ಪ್ರಶ್ನೆಗಳವು. ಇಂಥ ಪ್ರಶ್ನೆಗಳನ್ನು ಮೊದಲು ಕೇಳಬೇಕಾದವರು ನಾವಾಗಿದ್ದೆವು. ನಾವು ತೋಳಿನ ಉದ್ದ ಅಳೆಯುತ್ತಿದ್ದೆವು.

ಇಲ್ಲಿ ನಮ್ಮವರೂ ಎಚ್ಚರ ವಹಿಸಬೇಕಾದ ಒಂದು ಮಾತಿದೆ. ಝೈರಾರ ಎರಡನೆಯ ಚಿತ್ರ, 2017ರ ‘ಸೀಕ್ರೆಟ್ ಸೂಪರ್‌ಸ್ಟಾರ್’. ವಡೋದರದ ಮುಸ್ಲಿಮ್ ಹುಡುಗಿ, ಬುರ್ಖಾದೊಳಗೆ ಮುಖ ಮರೆಸಿ ಹಾಡುವವಳು. ಮನೆಯಲ್ಲಿ ತಾಯಿಯನ್ನು ಹೊಡೆಯುವ ತಂದೆ. ರಿಝ್ ಟೆಸ್ಟನ್ನು ಯಾಂತ್ರಿಕವಾಗಿ ಅನ್ವಯಿಸಿದರೆ ಇದೂ ಅನುತ್ತೀರ್ಣ. ಆದರೆ ಹೆಂಡತಿಗೆ ಕೈಯೆತ್ತುವ ಗಂಡ ನಮ್ಮ ಮೊಹಲ್ಲಾಗಳಲ್ಲಿಲ್ಲವೇ? ನಮ್ಮ ಜಮಾಅತ್ ಕಚೇರಿಗಳ ಬಾಗಿಲಿಗೆ ಬಂದು, ಸಬರ್ ಮಾಡು ಮಗಳೇ ಎಂಬ ಒಂದೇ ಉಪದೇಶ ಕೇಳಿ ಹಿಂದಿರುಗಿದ ಹೆಣ್ಣುಮಕ್ಕಳಿಲ್ಲವೇ? ಸ್ವತಃ ನಿಮ್ಮ ವಿರುದ್ಧವಾದರೂ, ಹೆತ್ತವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಿರೆಂದು ಅನ್ನಿಸಾ ಅಧ್ಯಾಯದ 135ನೇ ಸೂಕ್ತ ವಿಧಿಸುತ್ತದೆ. ಆ ಹುಡುಗಿ ತೆರೆಯ ಮೇಲೆ ನುಡಿದದ್ದು ಅಂಥ ಸಾಕ್ಷ್ಯವನ್ನೇ. ಸಮುದಾಯದ ಮಾನ ಹೋಯಿತೆಂದು ಗೊಣಗುವವರು, ಆ ಮಾನ ಹೋದದ್ದು ಹೊಡೆತ ಬಿದ್ದಾಗಲೋ ಹೊಡೆತವನ್ನು ತೋರಿಸಿದಾಗಲೋ ಎಂಬುದನ್ನು ಹೇಳಲಿ.

ಗಂಡಸರ ವಿಷಯಕ್ಕೆ ನಮ್ಮ ಅಳತೆಪಟ್ಟಿ ಹೋಗುವುದೇ ಇಲ್ಲ. 1955ರಲ್ಲಿ ಕುಡುಕ ದೇವದಾಸನಾಗಿ ದೇಶವನ್ನೇ ಅಳಿಸಿದ ದಿಲೀಪ್ ಕುಮಾರ್ 2021ರ ಜುಲೈ 7ರಂದು ತೀರಿಕೊಂಡಾಗ, ನಮ್ಮ ಯೂಸುಫ್ ಖಾನ್ ಹೋದರೆಂದು ನಾವೆಲ್ಲ ಕಂಬನಿ ಮಿಡಿದೆವು, ಮಗ್‌ಫಿರತ್‌ಗಾಗಿ ದುಆ ಮಾಡಿದೆವು. ಅದರಲ್ಲಿ ತಪ್ಪೇನಿಲ್ಲ. ಅಖಾಡದಲ್ಲಿ ಕುಸ್ತಿಯಾಡಿದ ಹದಿನಾರರ ಹುಡುಗಿಗೆ ಆ ದುಆದ ಕಾಲುಭಾಗವಾದರೂ ಸಿಗಬಾರದಿತ್ತೇ ಎಂಬುದಷ್ಟೇ ನಮ್ಮ ಪ್ರಶ್ನೆ. ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ವಿಶ್ವಾಸಿ ಪುರುಷರಿಗೆ, 30ನೇ ಸೂಕ್ತದಲ್ಲಿ. ಸ್ತ್ರೀಯರ ಸರದಿ 31ರಲ್ಲಿ. ಟಿಕೇಟು ಕೊಂಡು, ಮೂರು ಗಂಟೆ ಕುಳಿತು, ಒಂದು ದೃಶ್ಯವನ್ನೂ ಬಿಡದೆ ನೋಡಿ ಹೊರಬಂದು ನಟಿಯ ಉಡುಪಿನ ಬಗ್ಗೆ ತೀರ್ಪು ಕೊಡುವ ಮಹಾಶಯರು 30ನ್ನು ದಾಟಿ 31ಕ್ಕೆ ಹಾರಿದ್ದು ಹೇಗೆ?

ಶೋಕಿಸಿದ ಪ್ರಗತಿಪರ ಮಿತ್ರರಿಗೆ ಹೆಚ್ಚೇನೂ ಹೇಳಬೇಕಾಗಿಲ್ಲ. ಹೆಣ್ಣಿನ ಆಯ್ಕೆಯ ಹಕ್ಕನ್ನು ಎತ್ತಿಹಿಡಿಯುವವರು, ಆ ಆಯ್ಕೆ ತಮಗೆ ಹಿಡಿಸದಾಗ ಅದರ ಹಿಂದೆ ಯಾರದೋ ಒತ್ತಡವನ್ನು ಹುಡುಕತೊಡಗುವುದು ಯಾವ ಪ್ರಗತಿ? ಆಕೆ ನಟಿಯಾಗುವಾಗ ಬುದ್ಧಿಯುಳ್ಳವಳು, ಬಿಡುವಾಗ ಬುದ್ಧಿಗೇಡಿಯೇ?

2020ರ ನವೆಂಬರ್‌ನಲ್ಲಿ ಝೈರಾ ಅಭಿಮಾನಿಗಳಲ್ಲಿ ಒಂದು ವಿನಂತಿ ಮಾಡಿಕೊಂಡರು. ತನ್ನ ಜೀವನದ ಹೊಸ ಅಧ್ಯಾಯ ಆರಂಭವಾಗಿದೆ, ದಯವಿಟ್ಟು ತನ್ನ ಭಾವಚಿತ್ರಗಳನ್ನು ತೆಗೆದುಹಾಕಿರಿ ಎಂದು. ಅದಾದ ಮೇಲೂ ಆಕೆಯ ಧರ್ಮನಿಷ್ಠೆಯನ್ನು ಕೊಂಡಾಡುವ ಸಂದೇಶಗಳು ನಮ್ಮ ಮೊಬೈಲುಗಳಿಗೆ ಬರುತ್ತಲೇ ಇದ್ದವು. ಕಳುಹಿಸಿದವರಲ್ಲಿ ಮಸೀದಿಯ ಮೊದಲ ಸಫ್ಫಿನಲ್ಲಿ ನಿಲ್ಲುವವರೂ ಇದ್ದರು. ಮಾಷಾ ಅಲ್ಲಾಹ್ ಎಂಬ ಒಕ್ಕಣೆಯ ಮೇಲೆ, ದೊಡ್ಡದಾಗಿ, ಬಣ್ಣಬಣ್ಣದಲ್ಲಿ, ಆಕೆ ತೆಗೆದುಹಾಕಿರೆಂದು ಬೇಡಿಕೊಂಡಿದ್ದ ಅದೇ ಸಿನೆಮಾದ ಚಿತ್ರವಿತ್ತು.