ಮುಷ್ಕರ ಕಟ್ಟಿದವನಿಗೆ ‘ಕಾರ್ಮಿಕ ದ್ರೋಹಿ’ ಎಂಬ ಪಟ್ಟ!

“ನಮಗೇಕೆ ಸಭೆ, ನಮಗೇಕೆ ಚರ್ಚೆ? ಮೇಲೆ ಒಬ್ಬ ಗಟ್ಟಿ ಮುಂದಾಳು ಇದ್ದರೆ ಸಾಕು, ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಾನೆ” ಎನ್ನುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಚಂದಾ ಕೊಟ್ಟು ಮಲಗಿಬಿಡುವುದು ಇವರ ಸಿದ್ಧಾಂತ. ಇವರಿಗೆ ನಾವು ಚೀನದ ಲಿಯು ಶಾವೊಚಿಯ ಕಥೆ ಹೇಳಬಯಸುತ್ತೇವೆ.

ಲಿಯು 1898ರಲ್ಲಿ ಹುನಾನ್ ಪ್ರಾಂತದಲ್ಲಿ ಹುಟ್ಟಿದರು. ಮಾಸ್ಕೋದಲ್ಲಿ ಓದಿ ಬಂದು 1922ರಲ್ಲಿ ಆನ್‌ಯುವಾನ್ ಕಲ್ಲಿದ್ದಲ ಗಣಿಗೆ ಹೋದರು. ಬಾಕಿ ಸಂಬಳ ಕೊಡಿ, ನಮ್ಮ ಸಂಘವನ್ನು ಮನ್ನಿಸಿ ಎಂದು ಆ ಸೆಪ್ಟೆಂಬರಿನಲ್ಲಿ 13,000ಕ್ಕೂ ಹೆಚ್ಚು ಗಣಿ ಮತ್ತು ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದರು. ಲಿ ಲಿಸಾನ್ ಮುಷ್ಕರದ ದಳಪತಿ. ಕಾರ್ಮಿಕರ ಪರವಾಗಿ ಮಾತುಕತೆಗೆ ಹೋದವರು ಲಿಯು. ಐದೇ ದಿನಗಳಲ್ಲಿ 13 ಕಲಮುಗಳ ಒಪ್ಪಂದವಾಯಿತು. ಆ ಲಿಯು 1959ರಲ್ಲಿ ಚೀನದ ರಾಷ್ಟ್ರಾಧ್ಯಕ್ಷರಾದರು.

ಮುಂದೇನಾಯಿತು? ಮಾವೊ ಹೂಡಿದ ‘ಮಹಾ ಜಿಗಿತ’ದ ಕಾಲದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಇದರಲ್ಲಿ ಮೂರು ಪಾಲು ದೈವದ್ದು, ಏಳು ಪಾಲು ಮನುಷ್ಯರದ್ದು ಎಂಬ ರೈತರ ಮಾತನ್ನು ಲಿಯು 1962ರಲ್ಲಿ 7,000 ಕಾರ್ಯಕರ್ತರ ಸಭೆಯಲ್ಲಿ ಎತ್ತಿ ಆಡಿದರು. ಇದು ಮಾವೊಗೆ ರುಚಿಸಲಿಲ್ಲ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಬಂತು. 1967ರಲ್ಲಿ ತಮ್ಮನ್ನು ಎಳೆದಾಡಿದವರ ಮುಂದೆ ಲಿಯು ಸಂವಿಧಾನದ ಪುಸ್ತಕ ಹಿಡಿದು ನಿಂತರು. ಕೇಳುವವರಾರು? 1968ರ ಅಕ್ಟೋಬರದಲ್ಲಿ ಅವರನ್ನು ಪಕ್ಷದಿಂದ ಹೊರಹಾಕಿದರು. ಹೊರಿಸಿದ ಆರೋಪಗಳಲ್ಲಿ ಒಂದು ‘ಕಾರ್ಮಿಕ ದ್ರೋಹಿ’ ಎಂಬುದು! ಆ ಸಭೆಯಲ್ಲಿ ಕೈ ಎತ್ತದೆ ಕುಳಿತವರು ಒಬ್ಬರೇ: ಕಾರ್ಮಿಕ ಸಂಘಗಳಲ್ಲಿ ದುಡಿದ ಚೆನ್ ಶಾವೊಮಿನ್ ಎಂಬ ತಾಯಿ. 1969ರ ನವೆಂಬರ್ 12ರಂದು ಕೈಫೆಂಗ್‌ನಲ್ಲಿ ಲಿಯು ಸತ್ತರು. ಸುಳ್ಳು ಹೆಸರಿನಲ್ಲಿ ಅವರ ಶವ ಸುಟ್ಟರು; ಕಸುಬಿನ ಜಾಗದಲ್ಲಿ ‘ನಿರುದ್ಯೋಗಿ’ ಎಂದು ಬರೆದರು.

ಆದರೆ ಕಣ್ಣೀರು ಸುರಿಸಿ ಸುಮ್ಮನಾಗಲು ನಾವು ಇದನ್ನು ಬರೆಯುತ್ತಿಲ್ಲ. ಮಾವೊಗೆ ಅಷ್ಟು ಎತ್ತರದ ಪೀಠ ಹಾಕಿದವರಾರು? 1945ರ ಪಕ್ಷದ ಮಹಾಸಭೆಯಲ್ಲಿ ಮಾವೊ ವಿಚಾರವನ್ನು ಹಾಡಿಹೊಗಳಿದವರು ಇದೇ ಲಿಯು! ಕಾರ್ಮಿಕರ ಸರಕಾರದಲ್ಲಿಯೂ ಸಂಘಕ್ಕೆ ಸ್ವಂತ ದನಿ ಬೇಕು ಎಂದ ಆನ್‌ಯುವಾನಿನ ಜೊತೆಗಾರ ಲಿ ಲಿಸಾನ್ 1951ರಲ್ಲಿ ಸಂಘದ ನಾಯಕತ್ವ ಕಳೆದುಕೊಂಡರು. ಆಗ ಲಿಯು ಅಧಿಕಾರದಲ್ಲಿದ್ದರು. ಆ ದನಿ ಅಡಗಿತು. ಮುಂದೆ ಲಿಯುವಿನ ಪರ ಕೂಗಲು ಯಾವ ಸಂಘವೂ ಉಳಿದಿರಲಿಲ್ಲ.

“ಅದು ಚೀನದ ಮಾತು, ನಮಗೇನು?” ಎಂದೀರಾ? ಉಗ್ರಾಣದ ಬೀಗದಕೈ ಒಬ್ಬನ ಸೊಂಟದಲ್ಲೇ ಇದ್ದರೆ ಅಡಿಗೆಯವನೂ ಕ್ಲೀನರನೂ ಅವನ ಮುಖ ನೋಡುತ್ತ ನಿಲ್ಲಬೇಕು. ಅವನು ಒಳ್ಳೆಯವನೇ ಇರಬಹುದು, ನಾಳೆ ಬರುವವನು?

ಇದನ್ನು ಓದಿ ಮಾಲಿಕರು ನಗಬೇಕಾಗಿಲ್ಲ. ಆನ್‌ಯುವಾನಿನಲ್ಲಿ ಗೆದ್ದದ್ದು ಸಂಘವೇ. ಲಿಯುವಿನ ಹೆಸರನ್ನು 1980ರಲ್ಲಿ ತೊಳೆದು ಶುದ್ಧ ಮಾಡಿದರು. ಆದರೆ 1982ರ ಸಂವಿಧಾನದಿಂದ ಮುಷ್ಕರದ ಹಕ್ಕನ್ನೇ ತೆಗೆದುಹಾಕಿದರು. ಸತ್ತ ಮುಂದಾಳಿಗೆ ಮಾನ ಬಂತು, ಬದುಕಿರುವ ಕೂಲಿಗೆ ಹಕ್ಕು ಹೋಯಿತು!

ಆದ್ದರಿಂದ ಬಾಂಧವರೇ, ಸಭೆಗೆ ಬನ್ನಿರಿ. ಲೆಕ್ಕ ಕೇಳಿರಿ, ನಮ್ಮನ್ನೂ ಕೇಳಿರಿ. ಒಪ್ಪಿಗೆಯಿಲ್ಲದಾಗ ಕೈ ಎತ್ತದೆ ಕೂರುವ ಧೈರ್ಯ ಬೆಳೆಸಿರಿ. ಅಂಥವರು ಒಬ್ಬರಿದ್ದರೆ ಸಾಲದು, ನೂರು ಮಂದಿ ಬೇಕು.