ಪೋಷಕರ ಕೋರಿಕೆಯ ಮೇರೆಗೆ

ನನ್ನ ತಮ್ಮನ ಟಿಸಿಯಲ್ಲಿ ಶಾಲೆ ಬಿಡಲು ಕಾರಣ ‘ಪೋಷಕರ ಕೋರಿಕೆ’ ಅಂತಿದೆ. ಅಪ್ಪ ಕೋರಿದ್ದು ಒಂದೇ: ‘ಇನ್ನೊಂದು ಸಲ ಅವಕಾಶ ಕೊಡಿ ಮೇಡಂ.’ ಅವನಾಗ ಏಳನೇ ಕ್ಲಾಸು. ಜಗಳದಲ್ಲಿ ಸಹಪಾಠಿಯ ಮೂಗು ಒಡೆದಿದ್ದ. ತಪ್ಪೇ, ಇಲ್ಲ ಅನ್ನಲ್ಲ. ಆದರೆ ಮೇಡಂ, ‘ನೀವೇ ಅರ್ಜಿ ಬರೆದುಕೊಡಿ. ನಾವು ತೆಗೆದರೆ ಹುಡುಗನ ದಾಖಲೆ ಹಾಳಾಗುತ್ತೆ’ ಅಂದರು. ಅಪ್ಪ ಹೆದರಿ ಸಹಿ ಹಾಕಿದರು.

ಅವರಿಗೆ ತೆಗೆಯೋ ಅಧಿಕಾರವೇ ಇರಲಿಲ್ಲ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಎಂಟನೇ ಕ್ಲಾಸು ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ವಿನಾಯಿತಿ ಇದೆ; ಇದು ಅಂಥ ಶಾಲೆಯಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೇ ಕ್ಲಾಸಲ್ಲಿ ಫೇಲ್ ಮಾಡಲು ದಾರಿ ತೆರೆಯಿತು, ಹೊರಹಾಕಲು ಮಾತ್ರ ಬಿಡಲಿಲ್ಲ. ಅದಕ್ಕೇ ಈ ಅರ್ಜಿಯ ನಾಟಕ. ಎಚ್‌ಆರ್ ಕರೆದು ‘ನೀವೇ ರಿಸೈನ್ ಮಾಡಿಬಿಡಿ’ ಅನ್ನೋದು ನಮಗೆಲ್ಲ ಗೊತ್ತಲ್ಲ, ಅದೇ ಆಟ. ಆಡಿದ್ದು ಹನ್ನೆರಡು ವರ್ಷದ ಹುಡುಗನ ಜೊತೆ.

ಬೇರೆ ಮಕ್ಕಳ ಸುರಕ್ಷತೆ ಏನಾಗಬೇಕು ಅಂತೀರಾ? ಪ್ರಶ್ನೆ ಸರಿಯೇ. ಆದರೆ ಟಿಸಿ ಕೊಟ್ಟರೆ ಹುಡುಗನ ಸಿಟ್ಟು ಹೋಗಲ್ಲ, ಪಕ್ಕದ ಶಾಲೆಗೆ ಹೋಗುತ್ತೆ ಅಷ್ಟೆ. ತಿದ್ದೋದು ಕಷ್ಟದ ಕೆಲಸ. ಆದರೆ ಫೀಸು ಕಟ್ಟಿಸಿಕೊಂಡಿದ್ದು ಆ ಕೆಲಸಕ್ಕೂ ಸೇರಿಸಿಯೇ.

ನಿಮ್ಮ ಮನೆ ಮಗುವಿಗೆ ಇಂಥ ಮಾತು ಬಂದರೆ ಅರ್ಜಿ ಬರೆಯಬೇಡಿ. ‘ಕಾರಣ ಸಮೇತ ನೀವೇ ಬರೆದುಕೊಡಿ, ಬಿಇಒ ಆಫೀಸಿಗೆ ತಗೊಂಡು ಹೋಗ್ತೀನಿ’ ಅನ್ನಿ. ನಮ್ಮಪ್ಪನಿಗೆ ಇದನ್ನ ಹೇಳಿಕೊಡೋರು ಯಾರೂ ಇರಲಿಲ್ಲ.