ಮುಂದಿನ ಕಂಬದ ಮರೆ

ಔರಾದ, ಭಾಲ್ಕಿ ಸೀಮೆಯ ಮಕ್ಕಳು ಮಾಂಜ್ರಾ ನದಿಯನ್ನು ನೋಡುತ್ತ ಬೆಳೆದವರು. ಹರಿವ ನೀರಿನಲ್ಲಿ ನಿಂತ ದುಂಡು ಕಂಬದ ಹಿಂದೆ, ಎಡಕ್ಕೊಂದು ಬಲಕ್ಕೊಂದರಂತೆ, ಸುಳಿಗಳು ಹುಟ್ಟಿ ಸಾಗುವುದನ್ನು ಅವರು ಕಂಡಿದ್ದಾರೆ. ಅದೂ ಒಂದು ಪಾಠವೆಂದು ಅವರಿಗೆ ಹೇಳಿದವರು ವಿರಳ.

ಆ ಕಂಬದ ಹಿಂದೆಯೇ ಇನ್ನೊಂದನ್ನು ನಿಲ್ಲಿಸಿದರೆ ಏನಾದೀತು? ಮುಂದಿನದರ ಮರೆಯಲ್ಲಿ ಹಿಂದಿನದು ಸುರಕ್ಷಿತವೆಂಬುದು ಸಾಮಾನ್ಯ ತಿಳಿವಳಿಕೆ. ಇದು ಅರ್ಧಸತ್ಯ. ಎರಡೂ ತೀರ ಹತ್ತಿರವಿದ್ದರೆ ನಡುವಿನ ಹರಿವು ಮಂದವಾಗುತ್ತದೆ. ಹಿಂದಿನದು ಬಿಸಿಯಾದ ಕೊಳವೆಯಾಗಿದ್ದರೆ ಅದರ ಶಾಖ ಬೇಗ ಇಳಿಯದು. ಅಂತರವು ವ್ಯಾಸದ ಸುಮಾರು ನಾಲ್ಕು ಪಟ್ಟನ್ನು ಮೀರಿತೆಂದರೆ, ಮುಂದಿನದರ ಸುಳಿಗಳು ಹಿಂದಿನದಕ್ಕೆ ಬಂದು ಬಡಿಯುತ್ತವೆ. ಆಗ ಶಾಖದ ವಿನಿಮಯವೂ ಹೆಚ್ಚು, ಕಂಪನವೂ ಹೆಚ್ಚು. ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಕೊಳವೆಸಾಲುಗಳಿಗೂ ಈ ವಿಚಾರ ಅನ್ವಯಿಸುತ್ತದೆ. 1965ರ ನವೆಂಬರ್ 1ರಂದು ಇಂಗ್ಲೆಂಡಿನ ಫೆರ್ರಿಬ್ರಿಜ್ ವಿದ್ಯುತ್ ಕೇಂದ್ರದ ಎಂಟು ಶೀತಲಗೋಪುರಗಳಲ್ಲಿ ಮೂರು ಬಿರುಗಾಳಿಗೆ ಉರುಳಿದವು. ಉರುಳಿದವು ಮರೆಯಲ್ಲಿದ್ದ ಹಿಂದಿನ ಸಾಲಿನವೇ!

ಇಂಥ ಸತ್ಯವನ್ನು ಕಾಣಿಸಲು ಒಂದು ತಗಡಿನ ಕಾಲುವೆ, ಎರಡು ಕೊಳವೆ, ತುಸು ಬಣ್ಣ ಸಾಕು. ದಾನಿಗಳು ಕಟ್ಟಡಕ್ಕೆ ನೀಡುವುದರಲ್ಲಿ ಒಂದಂಶವನ್ನು ಪ್ರಯೋಗಶಾಲೆಗೆ ಮೀಸಲಿಡಲಿ. ಅಧ್ಯಾಪಕರು ಕರಿಹಲಗೆಗೆ ಮುನ್ನ ನೀರನ್ನು ತೋರಿಸಲಿ. ಕಂಡು ಕಲಿತದ್ದು ಮಗುವಿನಲ್ಲಿ ಉಳಿಯುತ್ತದೆ ಎಂಬುದು ನನ್ನ ವಿನಮ್ರ ಅಭಿಪ್ರಾಯ.